ಹಿಕ್ಮತ್ ಕೆಳಗಿಟ್ಟ ಬಟ್ಟಲು

ಹಿಕ್ಮತ್ ಎಂಬ ಹೆಸರಿಗೆ ವಿವೇಕ ಎಂದು ಅರ್ಥ. ಹೆತ್ತವರು ಮಗುವಿನ ಮುಖ ನೋಡಿ ಹೆಸರಿಡುತ್ತಾರೆಯೇ ಹೊರತು ಮುಂದೆ ಅದು ಏನೇನು ಮಾಡಲಿದೆ ಎಂದು ನೋಡಿ ಅಲ್ಲವಲ್ಲ, ಹಾಗಾಗಿ ಅವರನ್ನು ದೂರುವಂತಿಲ್ಲ. ರಾಜಧಾನಿ ಅಮ್ಮಾನಿನ ಪಕ್ಕದ ಝರ್ಕಾ ಪಟ್ಟಣದ ಪೇಟೆಬೀದಿಯಲ್ಲಿ ಅವನದೊಂದು ಪರದೆ ಅಂಗಡಿ. ಜನರ ಮನೆಯ ಕಿಟಕಿ ಅಳೆಯುವುದು, ಬಟ್ಟೆ ಕತ್ತರಿಸುವುದು, ಒಂದು ಗೇಣು ಕಮ್ಮಿ ಬಂದರೆ "ಈಗ ಇದೇ ಫ್ಯಾಷನ್ನು" ಎಂದು ಒಪ್ಪಿಸುವುದು, ಇಷ್ಟರಲ್ಲಿ ನೆಮ್ಮದಿಯಾಗಿದ್ದ. ಆ ಚಳಿಗಾಲ ಯಾವುದೋ ಗ್ಯಾರೇಜಿನ ಹಿಂದೆ ಬಿದ್ದಿದ್ದ ಹಳೆಯ ಜೀಪೊಂದನ್ನು ಕೊಂಡುತಂದ. ಜೀಪಿನ ಜೊತೆಗೆ ಒಬ್ಬ ತಾತನೂ ಬಂದ.

ಅದುವರೆಗೆ ಹಿಕ್ಮತ್‌ನ ತಾತನ ಸುದ್ದಿ ಯಾರೂ ಎತ್ತಿದ್ದಿಲ್ಲ. ನೆನಪಿದ್ದವರ ಪ್ರಕಾರ ಆತ ಬಸ್ ನಿಲ್ದಾಣದ ಪಕ್ಕ ಕೂತು ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡುತ್ತಿದ್ದ. ಜೀಪು ಬಂದ ವಾರದೊಳಗೆ ಅದೇ ತಾತ ದಕ್ಷಿಣದ ಬೆಟ್ಟಗಳಲ್ಲಿ ಒಂಟೆ ಮೇಲೆ ತಿರುಗುತ್ತಿದ್ದ ಬೆದೂಯಿನ್ ಅಲೆಮಾರಿ ಆಗಿಬಿಟ್ಟ. ಹಿಕ್ಮತ್ ಅಂಗಡಿಗೆ ಬಂದವರಿಗೆಲ್ಲ ಮರುಭೂಮಿಯ ಗಾಳಿ, ಮರುಭೂಮಿಯ ನಕ್ಷತ್ರ ಎಂದು ಶುರುಮಾಡಿದ. ಗಿರಾಕಿಗಳು ಪರದೆಯ ಚೌಕಾಸಿ ಬಿಟ್ಟು ಓಡತೊಡಗಿದರು.

"ನಮ್ಮ ತಾತ ಮರಳು ಮೂಸಿ ನೋಡಿ ದಾರಿ ಹೇಳ್ತಿದ್ದ. ಅದು ರಕ್ತದಲ್ಲಿ ಬರುತ್ತೆ," ಎಂದ ಒಂದು ರಾತ್ರಿಯೂಟದಲ್ಲಿ.

"ಮೊನ್ನೆ ಹೊಸ ತರಕಾರಿ ಮಾರ್ಕೆಟ್ಟಿಗೆ ಹೋಗೋಕೆ ದಾರೀಲಿ ಸಿಕ್ಕಿದವರನ್ನೆಲ್ಲ ಕೇಳಿದ್ರಿ," ಎಂದಳು ಹೆಂಡತಿ ಸಮೀಹಾ.

"ಅಲ್ಲಿ ಮರಳಿಲ್ವಲ್ಲ."

ಗಂಡ ಬೆಟ್ಟಗಳ ಕಡೆ ಹೋಗಿ ಡೇರೆ ಹಾಕಿ ಮಲಗಿ ಬರುತ್ತೇನೆಂದು ಹಟ ಹಿಡಿದಾಗ ಅವಳು ಒಂದೇ ಮಾತು ಹೇಳಿದಳು. ತನ್ನ ತಮ್ಮ ಲುತ್ಫಿಯನ್ನು ಜೊತೆಗೆ ಕರೆದೊಯ್ಯಬೇಕು. ಲುತ್ಫಿ ಲಿಫ್ಟ್ ರಿಪೇರಿ ಮಾಡುವವನು, ಕೈಗೆ ಸ್ಪ್ಯಾನರು ಕೊಟ್ಟರೆ ಏನನ್ನಾದರೂ ಎಬ್ಬಿಸಿ ನಿಲ್ಲಿಸುತ್ತಾನೆ. ಅವನ ತೊಂದರೆ ಇರುವುದು ಬಾಯಿಯಲ್ಲಿ. ಅದು ತೆರೆಯುವುದಿಲ್ಲ. ನಲವತ್ತು ಹತ್ತಿರ ಬಂದರೂ ಮದುವೆಯಾಗಿಲ್ಲ. ಸಮೀಹಾ ಅವನನ್ನು ಹೆಣ್ಣಿನ ಮನೆಗಳಿಗೆಲ್ಲ ಕರೆದುಕೊಂಡು ಹೋಗಿ ಕೂರಿಸಿದ್ದಳು. ಅವನು ನೆಲ ನೋಡುತ್ತ ಕೂರುತ್ತಿದ್ದ. ಒಂದು ಮನೆಯಲ್ಲಿ ಹುಡುಗಿಯ ಅಜ್ಜಿ, "ಪಾಪ, ಯಾವಾಗಿನಿಂದ ಹೀಗೆ?" ಎಂದು ಕೇಳಿ ಗುಣವಾಗಲೆಂದು ಪ್ರಾರ್ಥಿಸಿದ್ದಳು. ತಮ್ಮನಿಗೊಂದು ಮನೆಯಾಗದೆ ತಾನು ಕಣ್ಣು ಮುಚ್ಚುವುದಿಲ್ಲ ಎಂದು ಸಮೀಹಾ ಹೇಳುತ್ತಿದ್ದದ್ದು ತಮಾಷೆಗಲ್ಲ. ಅದೊಂದೇ ಚಿಂತೆ ಅವಳನ್ನು ತಿನ್ನುತ್ತಿತ್ತು.

ಮೂರನೆಯವರು ಹಿಕ್ಮತ್‌ನ ಚಿಕ್ಕಪ್ಪ ಫಖ್ರಿ. ಕೋರ್ಟಿನಲ್ಲಿ ಸದ್ದಡಗಿಸುವ ಕೆಲಸ ಮಾಡಿ ನಿವೃತ್ತರಾದವರು. ಪೊರಕೆಯಷ್ಟು ಅಗಲದ ಬಿಳಿ ಮೀಸೆ, ಮಂತ್ರಿಯಂಥ ನಡಿಗೆ. ಮನೆಗೆ ಸುಣ್ಣ ಬಳಿಯುತ್ತಿದ್ದುದರಿಂದ ಅವರಿಗೆ ಮಲಗಲು ಜಾಗವಿರಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇವೆಂದು ಕೇಳದೆ ಜರಿ ಅಂಚಿನ ನಿಲುವಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತರು.

ಶೋಬಕ್ ಊರು ದಾಟಿ, ಡಾಂಬರು ಮುಗಿದು, ದಾರಿ ಎನ್ನುವುದೂ ಮುಗಿದು, ಕೆಂಪು ಬೆಟ್ಟಗಳ ನಡುವೆ ಜೀಪು ಕುಪ್ಪಳಿಸುತ್ತ ಇಳಿಯಿತು. ಮೊದಲ ದಿನ ಹಿಕ್ಮತ್ ಅಂಗಡಿಯಲ್ಲಿ ಉಳಿದ ಗುಲಾಬಿ ಹೂವಿನ ಪರದೆ ಬಟ್ಟೆಯಲ್ಲಿ ತಾನೇ ಹೊಲಿದ ಡೇರೆಯನ್ನು ಎಬ್ಬಿಸಿದ. ಗಾಳಿ ಅದನ್ನು ಒಮ್ಮೆ ನೋಡಿ ಎತ್ತಿಕೊಂಡು ಹೋಯಿತು. ಮೂವರೂ ಜೀಪಿನಲ್ಲೇ ಕೂತು ಬೆಳಗು ಮಾಡಿದರು.

ಬೆಳಿಗ್ಗೆ ತಿಂಡಿಗೆ ಹಿಕ್ಮತ್ ಚೀಲದಿಂದ ಜಮೀದ್ ಉಂಡೆಯೊಂದನ್ನು ತೆಗೆದ. ಆಡಿನ ಮೊಸರಿಗೆ ಉಪ್ಪು ಹಾಕಿ, ಉಂಡೆ ಕಟ್ಟಿ, ಕಲ್ಲಾಗುವ ತನಕ ಬಿಸಿಲಲ್ಲಿ ಒಣಗಿಸಿದ್ದು ಅದು. ಅದನ್ನು ನೀರಲ್ಲಿ ನೆನೆಸಿ, ತಿಕ್ಕಿ ಕರಗಿಸಿ, ಮಾಂಸದ ಜೊತೆ ಬೇಯಿಸುತ್ತಾರೆ ಎನ್ನುವುದು ಆ ದೇಶದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

"ನಮ್ಮ ತಾತ ಇದನ್ನ ಹೀಗೇ ಕಡೀತಿದ್ದ," ಎಂದು ಹಿಕ್ಮತ್ ಕಡಿದ.

ಕಟಕ್ ಎಂದು ಸದ್ದಾಯಿತು. ಜಮೀದ್‌ಗೆ ಏನೂ ಆಗಲಿಲ್ಲ.

"ಏನಾಯ್ತು ಭಾವ?" ಎಂದ ಲುತ್ಫಿ. ಹಿಂದಿನ ದಿನ ಹೊರಟ ಮೇಲೆ ಅವನು ಆಡಿದ ಮೊದಲ ಮಾತು ಅದು.

"ಏನಿಲ್ಲ. ರುಚಿಯಾಗಿದೆ," ಎಂದ ಹಿಕ್ಮತ್, ಕಣ್ಣಲ್ಲಿ ನೀರು ತುಂಬಿಕೊಂಡು. ಬಲಗಡೆಯ ದವಡೆ ಹಲ್ಲು ಎರಡು ಹೋಳಾಗಿತ್ತು. ತಣ್ಣನೆಯದು ತಾಗಿದರೆ ತಡೆದುಕೊಳ್ಳಬಹುದಿತ್ತು, ಬಿಸಿ ತಾಗಿದರೆ ನೆತ್ತಿಯವರೆಗೆ ಸಿಡಿಲು ಹೊಡೆಯುತ್ತಿತ್ತು. ಬೆದೂಯಿನ್ ಮೊಮ್ಮಗನ ಹಲ್ಲನ್ನು ಜಮೀದ್ ಮುರಿದ ಸುದ್ದಿ ಝರ್ಕಾ ತಲುಪುವುದಕ್ಕಿಂತ ತಾನು ಇಲ್ಲೇ ಮಣ್ಣಾಗುವುದು ಮೇಲು ಎಂದುಕೊಂಡು ಅವನು ತುಟಿ ಬಿಗಿದ.

ಮಧ್ಯಾಹ್ನದ ಮೊದಲೇ ಒಣಗಿದ ಹಳ್ಳವೊಂದರ ಮರಳಿನಲ್ಲಿ ಜೀಪು ಹೊಟ್ಟೆ ಊರಿ ಕೂತಿತು.

"ಟೈರಿನ ಗಾಳಿ ಸ್ವಲ್ಪ ಇಳಿಸಿದ್ರೆ..." ಎಂದು ಲುತ್ಫಿ ಗೊಣಗಿದ.

"ನಮ್ಮ ತಾತ ಒಂಟೆಯ ಗಾಳಿ ಇಳಿಸ್ತಿದ್ನಾ?" ಎಂದು ಹಿಕ್ಮತ್ ಅವನ ಬಾಯಿ ಮುಚ್ಚಿಸಿ ಇನ್ನೂ ಜೋರಾಗಿ ಆಕ್ಸಿಲರೇಟರ್ ತುಳಿದ. ಜೀಪು ಇನ್ನೂ ಆಳಕ್ಕೆ ಇಳಿಯಿತು. "ನೀನು ಎಡಕ್ಕೆ ವಾಲಿ ಕೂತಿದ್ದಕ್ಕೇ ಹೀಗಾದದ್ದು," ಎಂದು ತೀರ್ಪು ಕೊಟ್ಟ.

ಗುಡ್ಡದ ತಿರುವಿನಾಚೆ ಕಪ್ಪು ಆಡುಗೂದಲಿನ ಡೇರೆಯೊಂದು ಕಂಡಿತು. ಸಹಾಯ ಕೇಳಲು ಹೊರಡಬೇಕು. ಆದರೆ ಹಿಕ್ಮತ್ ನಿಂತುಬಿಟ್ಟ. "ಬೆದೂಯಿನ್ ಡೇರೆಗೆ ಟ್ರ್ಯಾಕ್ ಪ್ಯಾಂಟಲ್ಲಿ ಹೋಗೋದಾ? ಮರ್ಯಾದೆ ಬೇಡ್ವಾ?" ಫೋಟೋ ತೆಗೆಸಿಕೊಳ್ಳಲೆಂದು ತಂದಿದ್ದ ನಿಲುವಂಗಿ, ತಲೆವಸ್ತ್ರಗಳನ್ನು ಹೊರತೆಗೆದ. ತಾನೂ ತೊಟ್ಟ, ಲುತ್ಫಿಗೂ ತೊಡಿಸಿದ. ಚಿಕ್ಕಪ್ಪ ಹೇಗೂ ತೊಟ್ಟೇ ಇದ್ದರು. ಬರಿಗೈಯಲ್ಲಿ ಹೋಗಬಾರದೆಂದು ಸಮೀಹಾ ಕಟ್ಟಿಕೊಟ್ಟಿದ್ದ ಬಕ್ಲಾವಾ ಸಿಹಿಯ ಡಬ್ಬಿ ಎತ್ತಿಕೊಂಡ. ಹೀಗೆ ಮೀಸೆಯ ಹಿರಿಯರು ಮುಂದೆ, ಸಿಹಿ ಹಿಡಿದವನು ನಡುವೆ, ನೆಲ ನೋಡುತ್ತ ನಡೆಯುವ ಪ್ರಾಯದ ಗಂಡಸು ಹಿಂದೆ, ಮೂವರೂ ಗುಡ್ಡ ಸುತ್ತಿ ಬಂದರು. ಡೇರೆಯ ಒಳಗೆ ಹೆಂಗಸರ ಓಡಾಟ ಶುರುವಾಯಿತು.

ಡೇರೆಯ ಯಜಮಾನನಿಗೆ ಮುತ್ಲಕ್ ಎಂಬ ಮಗನಿದ್ದುದರಿಂದ ಎಲ್ಲರೂ ಅವನನ್ನು ಅಬೂ ಮುತ್ಲಕ್ ಎನ್ನುತ್ತಿದ್ದರು. ಬಂದವರನ್ನು ಅಪ್ಪಿಕೊಂಡು ಕಂಬಳಿಯ ಮೇಲೆ ಕೂರಿಸಿದ. ಎಲ್ಲಿಂದ, ಏತಕ್ಕೆ ಎಂದು ಒಂದು ಮಾತು ಕೇಳಲಿಲ್ಲ. ಅತಿಥಿಯನ್ನು ಹಾಗೆ ಕೇಳುವುದು ಅಲ್ಲಿ ಹೀನಾಯ. ಹಿಕ್ಮತ್ ಗಂಡಸರ ಭಾಗಕ್ಕೂ ಹೆಂಗಸರ ಭಾಗಕ್ಕೂ ನಡುವೆ ತೂಗುಬಿಟ್ಟ ಪರದೆಯನ್ನು ವೃತ್ತಿಯ ಕಣ್ಣಿನಿಂದ ನೋಡಿ, ಒಂದು ಗೇಣು ಕಮ್ಮಿ ಇದೆ ಎಂದು ಮನಸ್ಸಿನಲ್ಲೇ ಅಳೆದ.

ಕಾಫಿ ಬಂತು. ಏಲಕ್ಕಿಯ ಘಮ, ಕೆಂಡದಿಂದ ಆಗಷ್ಟೇ ಇಳಿಸಿದ ಪಾತ್ರೆ, ಅಂಗೈಯಲ್ಲಿ ಮುಚ್ಚಿಹೋಗುವಂಥ ಪುಟ್ಟ ಬಟ್ಟಲು. ಹಿಕ್ಮತ್ ತುಟಿಗೆ ತಾಗಿಸಿದ. ಸಿಡಿಲು ಹೊಡೆಯಿತು. ಮುಖದ ಒಂದು ಗೆರೆಯೂ ಅಲುಗದಂತೆ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು ಸುಮ್ಮನೆ ಕೂತ.

ಡೇರೆಯಲ್ಲಿದ್ದವರ ಕಣ್ಣೆಲ್ಲ ಆ ಬಟ್ಟಲಿನ ಮೇಲೆ ಹೋಯಿತು.

ಕಾಫಿ ಸಾಕೆನ್ನಲು ಆ ಸೀಮೆಯಲ್ಲಿ ದಾರಿಗಳುಂಟು. ಖಾಲಿ ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಿದರೆ ಸಾಕು. ಆದರೆ ತುಂಬಿದ ಬಟ್ಟಲನ್ನು ಮನೆಯವನ ಮುಂದೆ ನೆಲಕ್ಕಿಟ್ಟು ಕೂತರೆ ಅದಕ್ಕಿರುವುದು ಒಂದೇ ಅರ್ಥ. ನಾವು ಬಂದ ಕೆಲಸ ನಡೆಸಿಕೊಡುತ್ತೀರೆಂದು ಮಾತು ಕೊಡಿ, ಆಮೇಲೆ ಕುಡಿಯುತ್ತೇವೆ. ಮೂವರು ಗಂಡಸರು ನಿಲುವಂಗಿ ತೊಟ್ಟು, ಹಿರಿಯರನ್ನು ಮುಂದಿಟ್ಟುಕೊಂಡು, ಸಿಹಿ ಹೊತ್ತು ಬಂದು ಬಟ್ಟಲು ಕೆಳಗಿಟ್ಟರೆ ಆ ಕೆಲಸ ಯಾವುದೆಂದು ಕೇಳುವುದೂ ಬೇಕಿಲ್ಲ. ಅವರು ಹೆಣ್ಣು ಕೇಳಲು ಬಂದವರು. ಹಿಕ್ಮತ್‌ಗೆ ಇದು ಗೊತ್ತಿಲ್ಲದ್ದಲ್ಲ, ಅವನ ಮದುವೆಯೂ ಹೀಗೇ ಆದದ್ದು. ಆದರೆ ಹಲ್ಲಿನ ನರ ಎದ್ದು ಕುಣಿಯುವಾಗ ಮನುಷ್ಯನಿಗೆ ಸ್ವಂತ ಮದುವೆಯೂ ನೆನಪಿರುವುದಿಲ್ಲ.

ಅಬೂ ಮುತ್ಲಕ್ ಗಡ್ಡ ನೀವಿಕೊಂಡ. ಪರದೆಯ ಆಚೆ ಬಳೆಗಳ ಸದ್ದು ನಿಂತಿತು.

"ಕುಡೀರಿ ಯಜಮಾನ್ರೇ," ಎಂದ. "ನೀವು ಬಂದ ಕೆಲಸ ಆಯ್ತು ಅಂದ್ಕೊಳ್ಳಿ."

"ನಾವಿನ್ನೂ ಹೇಳೇ ಇಲ್ವಲ್ಲ!"

"ಹೇಳ್ಬೇಕಾ? ಗುಡ್ಡದ ತಿರುವಲ್ಲಿ ನಿಮ್ಮನ್ನ ನೋಡಿದಾಗ್ಲೇ ತಿಳೀತು."

ಹಿಕ್ಮತ್ ಲುತ್ಫಿಯ ಕಿವಿಗೆ ಬಾಗಿದ. "ನೋಡಿದ್ಯಾ? ಜೀಪು ಹೂತಿದೆ ಅಂತ ನಮ್ಮ ನಡಿಗೆ ನೋಡೇ ಹೇಳಿಬಿಟ್ರು. ನಮ್ಮ ರಕ್ತ ಕಣೋ."

"ನಿಮ್ಮಲ್ಲಿ ಯಾರು?" ಎಂದು ಕೇಳಿದ ಅಬೂ ಮುತ್ಲಕ್.

ಜೀಪು ಹೂಳಲು ಕಾರಣ ಯಾರು ಎಂದು ಕೇಳುತ್ತಿದ್ದಾನೆ ಎನ್ನುವುದರಲ್ಲಿ ಹಿಕ್ಮತ್‌ಗೆ ಅನುಮಾನವೇ ಇರಲಿಲ್ಲ. "ಇವನೇ," ಎಂದು ಲುತ್ಫಿಯ ಕಡೆ ಕೈ ತೋರಿಸಿದ. "ಇವನೊಬ್ಬ ಇಲ್ದಿದ್ರೆ ನಾವು ಈ ಕಡೆ ತಲೆ ಹಾಕೋ ಪ್ರಮೇಯವೇ ಇರ್ಲಿಲ್ಲ."

"ಕೆಲಸ?"

"ಲಿಫ್ಟು. ಜನರನ್ನ ಮೇಲೆತ್ತೋದು."

"ಪುಣ್ಯದ ಕೆಲಸ. ಅವಸರ ಏನಾದ್ರೂ ಇದ್ಯಾ?"

"ಇವತ್ತು ಸಂಜೆಯೊಳಗೆ ಆಗಿಬಿಟ್ರೆ ದೊಡ್ಡ ಉಪಕಾರ. ನಾಳೆ ಅಂಗಡಿ ತೆಗೀಬೇಕು."

ಅಬೂ ಮುತ್ಲಕ್‌ನ ಹುಬ್ಬು ಮೇಲೆ ಹೋಯಿತು. "ಇವತ್ತೇ? ಪಟ್ಟಣದ ಜನ ಬಿಡಿ, ಎಲ್ಲಾ ಬೇಗ."

"ಅದ್ರಲ್ಲೇನಿದೆ ಯಜಮಾನ್ರೇ, ಒಂದು ಗಂಟು ಗಟ್ಟಿಯಾಗಿ ಹಾಕಿದ್ರೆ ಆಯ್ತು. ಮಿಕ್ಕಿದ್ದೆಲ್ಲ ತಾನಾಗೇ ಹಿಂದೆ ಬರುತ್ತೆ."

"ಎಂಥಾ ಮಾತು!" ಅಬೂ ಮುತ್ಲಕ್ ತಲೆದೂಗಿದ. "ಗಂಟು ಗಟ್ಟಿ ಇರ್ಬೇಕು, ನಿಜ. ತಿಳಿದೋರು ನೀವು. ಹಿರಿಯರೇನಂತಾರೆ?"

ಚಿಕ್ಕಪ್ಪ ಫಖ್ರಿ ಮೀಸೆ ಸವರಿದರು. "ದೇವರು ಸುಖವಾಗಿಟ್ಟಿರ್ಲಿ. ಮನೆ ತುಂಬ ಮಕ್ಕಳಾಗ್ಲಿ."

ಜೀಪಿಗೆ ಇದು ಸ್ವಲ್ಪ ಹೆಚ್ಚಾಯಿತು ಎಂದು ಹಿಕ್ಮತ್‌ಗೆ ಅನಿಸಿತು. ಆದರೆ ಕೋರ್ಟಿನಲ್ಲಿದ್ದವರ ಮಾತೇ ಹಾಗೆ. ಅವನು ಕಣ್ಣು ಮುಚ್ಚಿ ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿದ. ಎರಡು ಕಣ್ಣಲ್ಲೂ ಧಾರಾಕಾರ ನೀರಿಳಿಯಿತು.

"ಎಂಥಾ ಹೆಂಗರುಳು!" ಎಂದು ಅಬೂ ಮುತ್ಲಕ್ ಅವನ ಭುಜ ತಟ್ಟಿದ. ಪರದೆಯ ಆಚೆ ಹೆಂಗಸರೆಲ್ಲ ಒಟ್ಟಿಗೆ ನಾಲಿಗೆ ಆಡಿಸಿ ಉಲುಲುಲು ಎಂದು ಹಬ್ಬದ ಸದ್ದೆಬ್ಬಿಸಿದರು. ಒಂದು ಗಾಡಿ ಎಳೆಯುವುದಕ್ಕೂ ಇಷ್ಟು ಸಂಭ್ರಮ ಪಡುವ ಜನ ಪ್ರಪಂಚದಲ್ಲಿ ಬೇರೆಲ್ಲಿದ್ದಾರೆ ಎಂದು ಹಿಕ್ಮತ್‌ನ ಎದೆ ತುಂಬಿ ಬಂತು.

ಮುಂದಿನ ಎರಡು ಗಂಟೆ ಅವನ ಜೀವನದ ಅತ್ಯಂತ ಸುಖದ ಹೊತ್ತು. ಆಡು ಕಡಿದರು. ಸುತ್ತಮುತ್ತಲ ಕಣಿವೆಗಳಿಂದ ಪಿಕಪ್ ಗಾಡಿಗಳು ಧೂಳೆಬ್ಬಿಸುತ್ತ ಬಂದು ನಿಂತವು. ಒಂದೊಂದು ಗಾಡಿ ಬಂದಾಗಲೂ ಹಿಕ್ಮತ್, "ಅಯ್ಯೋ, ಇಷ್ಟೊಂದು ಯಾಕೆ, ಒಂದೇ ಸಾಕಾಗ್ತಿತ್ತು," ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ. ಬಂದವರು ಅವನ ವಿನಯ ಮೆಚ್ಚಿದರು. ಯಾರಾದರೂ "ಒಳ್ಳೇದಾಯ್ತು, ಶುಭವಾಗ್ಲಿ" ಎಂದರೆ, "ಮೊದಲು ಹೊರಗೆ ಬರ್ಲಿ, ಆಮೇಲೆ ಹೇಳಿ," ಎಂದ. ಅದನ್ನು ಕೇಳಿ ಒಂದಿಬ್ಬರು ಮುಖ ಮುಖ ನೋಡಿಕೊಂಡರು, ಅಷ್ಟೇ. ಮುದುಕಿಯೊಬ್ಬಳು ಲುತ್ಫಿಯ ಅಂಗೈ ಹಿಡಿದು ತಿರುವಿ, ತೋಳು ಒತ್ತಿ, ಹಲ್ಲು ತೋರಿಸೆಂದು ಹೇಳಿ ನೋಡಿ ಹೋದಳು.

"ಭಾವ, ನನ್ನ ಯಾಕೆ ಹಿಂಗೆ ಮುಟ್ಟಿ ಮುಟ್ಟಿ ನೋಡ್ತಿದಾರೆ?"

"ಎಳೆಯೋಕೆ ತಾಕತ್ತಿದ್ಯಾ ಅಂತ."

"ಹಲ್ಲಿಂದ ಎಳೀಬೇಕಾ?"

ಹಿಕ್ಮತ್‌ಗೆ ಹಲ್ಲಿನ ವಿಷಯ ಬೇಕಿರಲಿಲ್ಲ. ಅವನು ಎದ್ದು, ಆಗತಾನೇ ಬಂದಿಳಿದ ಮರುಭೂಮಿ ಪೋಲೀಸಿನ ದಫೇದಾರ ಸುವೈಲಮ್ ಕಡೆ ನಡೆದ. ಸರ್ಕಾರದವನೆಂದರೆ ಕೆಲಸ ಬೇಗ ಆದೀತು.

"ಊಟ ಉಪಚಾರ ಎಲ್ಲಾ ಭರ್ಜರಿ ಸಾಹೇಬ್ರೇ," ಎಂದ ದನಿ ತಗ್ಗಿಸಿ. "ಆದ್ರೆ ಯಾರೂ ಹಗ್ಗ ತಂದಂಗೆ ಕಾಣಲ್ಲ. ಹೊತ್ತು ಇಳೀತಿದೆ. ಎಳೆಯೋದು ಯಾವಾಗ?"

"ಏನನ್ನ?"

"ಜೀಪನ್ನ! ಹಳ್ಳದಲ್ಲಿ ಹೂತಿದೆಯಲ್ಲ."

ದಫೇದಾರ ಟೋಪಿ ತೆಗೆದು ತಲೆ ಕೆರೆದುಕೊಂಡ. "ಜೀಪು ಹೂತಿದ್ಯಾ? ಪಾಪ, ಇಂಥಾ ದಿನವೇ ಹಿಂಗಾಗ್ಬೇಕಾ. ಇರ್ಲಿ, ಅದೇನ್ ದೊಡ್ದು. ಮೊದಲು ಈ ಶುಭಕಾರ್ಯ ಮುಗೀಲಿ."

"ಯಾವ ಶುಭಕಾರ್ಯ?"

"ಏನ್ ತಮಾಷೆ ಮಾಡ್ತೀರಾ? ಅಬೂ ಮುತ್ಲಕ್‌ನ ತಂಗಿ ಫಿದ್ದಾನ ನಿಮ್ಮ ಹುಡುಗನಿಗೆ ಕೇಳಿದ್ರಿ, ಅವನು ಕೊಟ್ಟ. ಈ ಕಣಿವೇಲಿ ಅವಳು ಯಾರನ್ನೂ ಒಪ್ಪಿರ್ಲಿಲ್ಲ ಮಾರಾಯ್ರೇ. ಅಣ್ಣ ಯೋಚನೆ ಮಾಡಿ ಮಾಡಿ ಸೊರಗಿಹೋಗಿದ್ದ. ನೀವು ದೇವರು ಕಳಿಸಿದಂಗೆ ಬಂದು ಬಟ್ಟಲು ಕೆಳಗಿಟ್ರಿ."

ಹಿಕ್ಮತ್‌ಗೆ ಬಟ್ಟಲು ನೆನಪಾಯಿತು. ಅಂಗಿ, ಸಿಹಿ, ಉಲುಲು,  ಮುದುಕಿ, ಗಂಟು, ಎಲ್ಲ ಒಂದರ ಹಿಂದೊಂದು ನೆನಪಾದವು. ದಡದಡನೆ ಬಂದು ಚಿಕ್ಕಪ್ಪನ ಪಕ್ಕ ಕೂತ.

"ಚಿಕ್ಕಪ್ಪ, ಇವರು ಲುತ್ಫಿಗೆ ಹೆಣ್ಣು ಕೊಡ್ತಿದಾರೆ!"

"ಹೌದಲ್ಲ. ನೀನೇ ಕೇಳಿದ್ಯಲ್ಲ."

"ನಿಮಗೆ ಗೊತ್ತಿತ್ತಾ?"

"ಮತ್ತೆ? ಹುಡುಗನಿಗೆ ಒಳ್ಳೇ ಅಂಗಿ ಹಾಕ್ಸಿ ಕರ್ಕೊಂಡ್ ಬಂದಿದ್ಯಾತಕ್ಕೆ? ನಾನು ಸುಮ್ಮನೆ ಬೆಟ್ಟ ನೋಡೋಕೆ ಬರೋ ವಯಸ್ಸಾ?" ಫಖ್ರಿ ಆಡಿನ ಸುವಾಸನೆಯ ಕಡೆ ಮೂಗು ತಿರುಗಿಸಿದರು.

ಈಗ ನಿಜ ಹೇಳಬೇಕು. ಹೇಳಿದರೆ ಹಲ್ಲಿನ ಕಥೆ ಹೊರಬರಬೇಕು, ಜಮೀದ್ ಕಡಿದದ್ದು ಹೊರಬರಬೇಕು, ಅದೂ ಬದುಕಿಡೀ ಜಮೀದ್ ಮಾಡಿಕೊಂಡೇ ಬಂದ ಜನರ ಮುಂದೆ. ಹೇಳದಿದ್ದರೆ ಲುತ್ಫಿಗೆ ಮದುವೆ. ಮಾತು ಪಡೆದು ಕಾಫಿ ಕುಡಿದ ಮೇಲೆ ಎದ್ದು ಹೋಗುವುದೆಂದರೆ ಇಡೀ ಕಣಿವೆಯ ಮುಖಕ್ಕೆ ಹೊಡೆದಂತೆ. ಹಿಕ್ಮತ್ ಇಂಥ ಸಂದರ್ಭದಲ್ಲಿ ವಿವೇಕಿಗಳು ಮಾಡುವುದನ್ನೇ ಮಾಡಿದ. ಫೋನಿಗೆ ಸಿಗ್ನಲ್ ಸಿಗುವ ಬಂಡೆ ಹತ್ತಿ ಹೆಂಡತಿಗೆ ಫೋನ್ ಹಚ್ಚಿದ.

"ಸಮೀಹಾ, ಗಾಬರಿ ಆಗ್ಬೇಡ. ಲುತ್ಫಿಗೆ ಒಂದು ಚೂರು..."

"ಕೈ ಮುರಿದ್ಯಾ? ಕಾಲಾ?"

"ಅಲ್ಲ. ಮದುವೆ ಗೊತ್ತಾಗಿದೆ."

ಆ ಕಡೆ ಏನೋ ಬಿದ್ದ ಸದ್ದು. ಹಿಕ್ಮತ್ ಎಲ್ಲವನ್ನೂ ಹೇಳಿದ, ಹಲ್ಲೊಂದನ್ನು ಬಿಟ್ಟು. "ಹೇಗಾದ್ರೂ ಮಾಡಿ ತಪ್ಪಿಸ್ತೀನಿ, ನೀನು ಯೋಚ್ನೆ ಮಾಡ್ಬೇಡ," ಎಂದ.

"ತಪ್ಪಿಸ್ತೀರಾ?" ಸಮೀಹಾಳ ದನಿ ಬಂಡೆಯನ್ನು ಸೀಳಿತು. "ನನ್ನ ತಮ್ಮನಿಗೆ ಯಾರೋ ಪುಣ್ಯಾತ್ಮರು ಹೆಣ್ಣು ಕೊಡ್ತೀನಿ ಅಂದಿದಾರೆ, ಅವನು ಕೂತಿರೋದನ್ನ ನೋಡಿದ ಮೇಲೂ ಕೊಡ್ತೀನಿ ಅಂದಿದಾರೆ, ನೀವು ತಪ್ಪಿಸ್ತೀರಾ? ಬಾಯಿ ಬಿಟ್ರೆ ನೋಡಿ! ಆ ಬಟ್ಟಲು ಇನ್ನೊಂದ್ಸಲ ಕೊಟ್ರೆ ಇನ್ನೊಂದ್ಸಲ ಕುಡೀರಿ!"

ಫೋನು ಕಟ್ಟಾಯಿತು. ಹಿಕ್ಮತ್ ಬಂಡೆಯಿಂದ ಇಳಿಯುವಾಗ ಇನ್ನೊಂದು ಪಿಕಪ್ ಬಂದು ನಿಂತಿತು. ಹಿಂಬದಿಯಲ್ಲಿ ಮೇವಿನ ಚೀಲ, ಮುಂದಿನ ಬಂಪರಿಗೆ ಸುತ್ತಿದ ದಪ್ಪ ಹಗ್ಗ. ಚಾಲಕನ ಸೀಟಿನಿಂದ ಇಳಿದವಳು ಹೆಂಗಸು. ತಲೆವಸ್ತ್ರದ ಧೂಳು ಕೊಡವಿ, ಇಷ್ಟೊಂದು ಗಾಡಿಗಳನ್ನು ನೋಡಿ, ಯಾರು ಸತ್ತರು ಎಂದು ಕೇಳಿ, ಹೆಂಗಸರ ಭಾಗಕ್ಕೆ ಹೋದಳು. ಅವಳೇ ಫಿದ್ದಾ.

ಅಷ್ಟರಲ್ಲಿ ಅನ್ನದ ಮೇಲೆ ಮಾಂಸ ಹೇರಿದ ದೊಡ್ಡ ಹರಿವಾಣಗಳು ಬಂದವು. ಎಲ್ಲರೂ ಸುತ್ತ ಕೂತು ಕೈ ಹಾಕಬೇಕು, ಆಗ ಪರದೆಯ ಆಚೆಯಿಂದ ಒಂದು ದನಿ ಸ್ಪಷ್ಟವಾಗಿ ಕೇಳಿಸಿತು.

"ಅಣ್ಣಾ, ಮಾತು ಕೊಟ್ಟೋನು ನೀನು, ಹೋಗಿ ಬಾಳೋಳು ನಾನು. ಒಂದು ಮಾತು ಕೇಳ್ಬೇಡ್ವಾ? ಆಗಲ್ಲ ಅಂತ ಹೇಳ್ಬಿಡು."

ಕೈಗಳೆಲ್ಲ ಹರಿವಾಣದ ಮೇಲೆ ಹಾಗೇ ನಿಂತವು. ಅಬೂ ಮುತ್ಲಕ್‌ನ ಮುಖ ಬಾಡಿತು. ಎಲ್ಲರೆದುರಿಗೆ ಅತಿಥಿಗೆ ಕೊಟ್ಟ ಮಾತು ಬಿದ್ದುಹೋಗಿತ್ತು. ಹಿಂದಿನ ಸಾಲಿನಿಂದ ಯಾರೋ, "ಸೊಕ್ಕು ಅವಳಿಗೆ, ಯಾವಾಗ್ಲೂ ಇದೇ," ಎಂದರು. ಇನ್ನೊಬ್ಬರು, "ಮನೆತನದ ಮಾನ ಕಳೆದ್ಲು," ಎಂದರು.

ಹಿಕ್ಮತ್ ಆ ಕ್ಷಣ ದೇವರ ಕಡೆ ಕೈಯೆತ್ತಿ, ಉಂಡು, ಎದ್ದು ಹೋಗಬಹುದಿತ್ತು. ಅವನು ಬೇಡಿದ್ದೂ ಅದನ್ನೇ. ಆದರೆ ಮನುಷ್ಯನ ಸ್ವಭಾವ ನೋಡಿ, ತಾನು ಬೇಡವೆಂದ ಸಂಬಂಧವನ್ನು ಎದುರಿನವರು ಬೇಡವೆಂದರೆ ಮೈ ಉರಿದುಹೋಗುತ್ತದೆ. ಹಿಕ್ಮತ್ ದಡಕ್ಕನೆ ಎದ್ದು ನಿಂತ.

"ಯಾಕಮ್ಮಾ? ನಮ್ಮ ಹುಡುಗನಿಗೇನು ಕಮ್ಮಿ?" ಎಂದು ಪರದೆಯನ್ನೇ ಕೇಳಿದ. "ಕುಡಿಯಲ್ಲ, ಸಿಗರೇಟಿಲ್ಲ. ಅಮ್ಮಾನಿನ ದೊಡ್ಡ ದೊಡ್ಡ ಕಟ್ಟಡಗಳೆಲ್ಲ ಇವನ ಕೈಮೇಲೆ ನಿಂತಿವೆ! ಇವನು ಒಂದು ದಿನ ರಜಾ ಹಾಕಿದ್ರೆ ಮಂತ್ರಿಗಳು ಮೆಟ್ಟಿಲು ಹತ್ತಬೇಕು! ವಂಶವೇನು ಸಾಮಾನ್ಯದ್ದಾ? ಇವನ ತಾತ ಬೆದೂಯಿನ್, ಮರಳು ಮೂಸಿ ದಾರಿ ಹೇಳ್ತಿದ್ದ!"

ತನ್ನ ತಾತನನ್ನೇ ಎತ್ತಿ ಭಾವಮೈದುನನಿಗೆ ಕೊಟ್ಟುಬಿಟ್ಟಿದ್ದ. ಇದಕ್ಕಿಂತ ದೊಡ್ಡ ತ್ಯಾಗ ಅವನು ಜೀವಮಾನದಲ್ಲಿ ಮಾಡಿದ್ದಿಲ್ಲ.

"ಇಷ್ಟೆಲ್ಲ ಇದ್ದೋರು," ಎಂದಿತು ಪರದೆಯ ಆಚೆಯ ದನಿ, "ಬಾಯಿ ಮಾತ್ರ ಬಾಡಿಗೆಗೆ ತಂದಿದಾರಾ?"

ಗಂಡಸರ ಗುಂಪಿನಲ್ಲಿ ಗೊಣಗಾಟ ಎದ್ದಿತು. ಅತಿಥಿಗೆ ಹೀಗೆನ್ನುವುದೆಂದರೇನು! ಅಬೂ ಮುತ್ಲಕ್ ಕೋಪದಿಂದ ಪರದೆಯ ಕಡೆ ಹೊರಟ. ಆಗ ಲುತ್ಫಿ ಎದ್ದು ನಿಂತ. ಅವನ ಕಿವಿಗಳು ಕೆಂಪಾಗಿದ್ದವು.

"ಅವರದು ತಪ್ಪಿಲ್ಲ," ಎಂದ. "ನಾವು ಹೆಣ್ಣು ಕೇಳೋಕೆ ಬಂದಿದ್ದಲ್ಲ. ನಮ್ಮ ಜೀಪು ಹಳ್ಳದಲ್ಲಿ ಹೂತಿದೆ. ಎಳೆದುಕೊಡಿ ಅಂತ ಕೇಳೋಕೆ ಬಂದ್ವಿ. ಬೆಳಿಗ್ಗೆ ಭಾವ ಜಮೀದ್ ಕಚ್ಚಿ ಹಲ್ಲು ಮುರ್ಕೊಂಡ್ರು. ಬಿಸಿ ಕಾಫಿ ಕುಡಿಯೋಕಾಗ್ಲಿಲ್ಲ, ಅದಕ್ಕೇ ಬಟ್ಟಲು ಕೆಳಗಿಟ್ರು. ನನಗೆ ಈಗ್ಲೇ ಅರ್ಥ ಆದದ್ದು. ತಪ್ಪು ನಮ್ಮದು. ಅವರನ್ನ ಯಾರೂ ಏನೂ ಅನ್ಬೇಡಿ."

ಸಮೀಹಾ ಅಲ್ಲಿದ್ದಿದ್ದರೆ ಮೂರ್ಛೆ ಹೋಗುತ್ತಿದ್ದಳು. ತಮ್ಮ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಹುಟ್ಟಿದ ಮೇಲೆ ಇದೇ ಮೊದಲು.

ಇನ್ನೇನು ಬಡಿಗೆ ಬೀಳುತ್ತದೆಂದು ಹಿಕ್ಮತ್ ಚಿಕ್ಕಪ್ಪನ ಮೀಸೆಯ ಹಿಂದೆ ಸರಿದ.

"ಜಮೀದ್‌ನ," ಎಂದಿತು ಪರದೆಯ ಆಚೆಯಿಂದ ಫಿದ್ದಾಳ ದನಿ, "ಕಚ್ಚಿದ್ರಾ?"

ಮೊದಲು ನಕ್ಕವಳು ಅವಳು. ಆಮೇಲೆ ಹೆಂಗಸರ ಭಾಗವೆಲ್ಲ ಬಿದ್ದು ಬಿದ್ದು ನಕ್ಕಿತು. ದಫೇದಾರ ಟೋಪಿಯಲ್ಲಿ ಮುಖ ಮುಚ್ಚಿಕೊಂಡ. ಮುದುಕಿ ಒಳಗಿಂದ ಓಡಿಬಂದು ಹಿಕ್ಮತ್‌ನ ಬಾಯಿ ತೆರೆಸಿ ನೋಡಿ, "ನಿಜ ಕಣ್ರೋ, ಎರಡು ಹೋಳು!" ಎಂದು ಸಾರಿದಳು. ಹಿಂದಿದ್ದವರಿಗೂ ಕಾಣಲೆಂದು ಅವನನ್ನು ಬೆಳಕಿನ ಕಡೆ ತಿರುಗಿಸಿದಳು.

ನಗದವನು ಅಬೂ ಮುತ್ಲಕ್ ಒಬ್ಬನೇ. "ನಗ್ತೀರಲ್ಲ, ನಾನು ಎಲ್ಲರ ಮುಂದೆ ಕೊಟ್ಟ ಮಾತು?" ಎಂದ ನೊಂದು.

ಫಿದ್ದಾ ಪರದೆ ಎತ್ತಿ ಹೊರಗೆ ಬಂದಳು. "ನೀನೇನಂದೆ ಅಣ್ಣಾ? ಬಂದ ಕೆಲಸ ಆಯ್ತು ಅಂದೆ. ಅವರು ಬಂದಿದ್ದು ಜೀಪಿಗೆ. ಊಟ ಮುಗಿಸ್ಲಿ, ಎಳೆದು ಕೊಡ್ತೀನಿ. ನಿನ್ನ ಮಾತಿಗೇನಾಯ್ತೀಗ?"

ಅಬೂ ಮುತ್ಲಕ್ ಯೋಚಿಸಿದ. ಆಮೇಲೆ ಅವನ ಗಡ್ಡವೂ ಅಲುಗಾಡತೊಡಗಿತು. ಎಲ್ಲರೂ ಉಂಡರು. ಹಿಕ್ಮತ್‌ಗೆ ಮಾತ್ರ ಮೆತ್ತನೆಯ ಮಾಂಸ ಆರಿಸಿ, ಊದಿ ತಣಿಸಿ ಕೊಟ್ಟರು. ಅವನು ಅವಮಾನವನ್ನೂ ಮಾಂಸವನ್ನೂ ಎಡದವಡೆಯಲ್ಲೇ ಅಗಿದು ನುಂಗಿದ.

ಹಳ್ಳದಲ್ಲಿ ಬಿಸಿಲು ಇಳಿದಿತ್ತು. ಹಿಕ್ಮತ್ ಸ್ಟಿಯರಿಂಗ್ ಹಿಡಿದು ಕೂತ, ಚಿಕ್ಕಪ್ಪ ಅವನ ಪಕ್ಕ. ಲುತ್ಫಿ ಯಾರನ್ನೂ ಕೇಳದೆ ನಾಲ್ಕೂ ಟೈರಿನ ಗಾಳಿ ಇಳಿಸಿ, ಜೀಪಿನಡಿ ನುಸುಳಿ ಹಗ್ಗ ಕಟ್ಟಿದ. ಫಿದ್ದಾ ಪಿಕಪ್ಪನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟಳು. ಹಗ್ಗ ಬಿಗಿಯಿತು, ಜೀಪು ನರಳಿತು, ಎದ್ದು ಗಟ್ಟಿ ನೆಲಕ್ಕೆ ಬಂತು. ಲುತ್ಫಿ ಹಗ್ಗ ಬಿಚ್ಚಿ ಸುತ್ತತೊಡಗಿದ. ಫಿದ್ದಾ ಇಳಿದು ಅದರ ಇನ್ನೊಂದು ತುದಿ ಹಿಡಿದಳು.

"ನೀವ್ಯಾಕೆ ಬಾಯಿ ಬಿಟ್ರಿ?" ಎಂದು ಕೇಳಿದಳು. "ಸುಮ್ನಿದ್ದಿದ್ರೆ ನಮ್ಮಣ್ಣ ಮಾತು ತಪ್ಪಿದ ನಾಚಿಕೆಗೆ ಅರ್ಧ ಮಂದೆ ಕೊಟ್ಟು ಕಳಿಸ್ತಿದ್ದ."

"ನಿಮ್ಮನ್ನ ಬೈತಿದ್ರು," ಎಂದ ಲುತ್ಫಿ.

ಇಬ್ಬರ ನಡುವಿನ ಹಗ್ಗ ಚಿಕ್ಕದಾಗುತ್ತ ಬಂತು. ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದ ಹಿಕ್ಮತ್‌ಗೆ ಭಾವಮೈದುನ ಹಗ್ಗ ಸುತ್ತುವುದನ್ನು ನಿಲ್ಲಿಸಿದ್ದು ಕಂಡಿತು.

"ಇನ್ನೊಂದ್ಸಲ..." ಎಂದ ಲುತ್ಫಿ. "ಇನ್ನೊಂದ್ಸಲ ಕೇಳಿದ್ರೆ?"

"ಇನ್ನೊಂದ್ಸಲ ಅಂದ್ರೇನು?" ಎಂದಳು ಫಿದ್ದಾ. "ನೀವು ಒಂದ್ಸಲಾನೂ ಕೇಳೇ ಇಲ್ವಲ್ಲ."

ಲುತ್ಫಿ ಬಾಯಿ ತೆರೆದ. ಹಿಕ್ಮತ್‌ಗೆ ತಡೆಯಲಾಗಲಿಲ್ಲ. "ತಡಿ, ನಾನು ಹೇಳ್ತೀನಿ! ಏನಮ್ಮಾ ಅಂದ್ರೆ..." ಎಂದು ಕೂಗುವಷ್ಟರಲ್ಲಿ ಚಿಕ್ಕಪ್ಪ ಫಖ್ರಿಯ ಅಗಲವಾದ ಅಂಗೈ ಬಂದು ಅವನ ಬಾಯನ್ನು ಮುಚ್ಚಿತು, ಸರಿಯಾಗಿ ಬಲದವಡೆಯ ಮೇಲೆ.

"ಸದ್ದು!" ಎಂದರು ಚಿಕ್ಕಪ್ಪ, ಕೋರ್ಟಿನ ದನಿಯಲ್ಲಿ.

ಆ ನೋವಿನಲ್ಲಿ ಲುತ್ಫಿ ಏನು ಕೇಳಿದನೆಂದು ಹಿಕ್ಮತ್‌ಗೆ ಕೇಳಿಸಲೇ ಇಲ್ಲ. ಕಣ್ಣಿನ ನೀರು ಒರೆಸಿಕೊಂಡು ನೋಡಿದಾಗ ಲುತ್ಫಿ ತಲೆ ಎತ್ತಿ ನಿಂತಿದ್ದ. ಫಿದ್ದಾ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಅವನನ್ನೇ ನೋಡುತ್ತಿದ್ದಳು.

"ಶುಕ್ರವಾರ ಬನ್ನಿ," ಎಂದಳು. "ನಿಮ್ಮನೆ ಹೆಂಗಸರನ್ನೂ ಕರ್ಕೊಂಡ್ ಬನ್ನಿ. ಕೇಳೋದು ಮಾತ್ರ ನೀವೇ ಕೇಳಬೇಕು, ಎಲ್ಲರ ಎದುರಿಗೆ. ಆಮೇಲೆ ನಾನು ಹೇಳ್ತೀನಿ." ಪಿಕಪ್ ಹತ್ತಿ ಹೊರಟುಹೋದಳು. ಧೂಳು ಇಳಿಯುವ ತನಕ ಲುತ್ಫಿ ಅಲ್ಲೇ ನಿಂತಿದ್ದ.

ಝರ್ಕಾ ತಲುಪುವವರೆಗೆ ಜೀಪಿನಲ್ಲಿ ಶುಕ್ರವಾರದ ಅಭ್ಯಾಸ ನಡೆಯಿತು. ಚಿಕ್ಕಪ್ಪ ಅಬೂ ಮುತ್ಲಕ್ ಆದರು. ದವಡೆ ಊದಿ ಬಾಯಿ ತೆರೆಯಲಾಗದ ಹಿಕ್ಮತ್‌ಗೆ ಫಿದ್ದಾಳ ಪಾತ್ರ ಕೊಟ್ಟರು. ಲುತ್ಫಿ ಹಿಂದಿನ ಸೀಟಿನಿಂದ ಒಂದೊಂದು ರೀತಿಯಲ್ಲಿ ಕೇಳಿದ. ಕಟ್ಟಡಗಳ ಮಾತು ಸೇರಿಸಿ ಕೇಳಿದ, ಮನೆತನದ ಮಾತು ಸೇರಿಸಿ ಕೇಳಿದ. ಹಿಕ್ಮತ್ ಗಾಡಿ ಓಡಿಸುತ್ತಲೇ ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸಿದ. ಊರಿನ ದೀಪಗಳು ಕಾಣತೊಡಗಿದಾಗ ಲುತ್ಫಿ ಮುಂದಿನ ಸೀಟುಗಳ ನಡುವೆ ಬಾಗಿದ.

"ನಾನು ಲುತ್ಫಿ," ಎಂದ ಆಮೇಲೆ. "ಲಿಫ್ಟ್ ರಿಪೇರಿ ಮಾಡ್ತೀನಿ. ಜಾಸ್ತಿ ಮಾತಾಡೋಕೆ ಬರಲ್ಲ. ನಿಮ್ಮನ್ನ ಕೇಳೋಕೆ ಬಂದಿದೀನಿ."

ಹಿಕ್ಮತ್ ಗಾಡಿ ನಿಧಾನ ಮಾಡಿದ. ಇದಕ್ಕೆ ಏನಾದರೂ ಸೇರಿಸಲು, ತಿದ್ದಲು, ಉಬ್ಬಿಸಲು ಉಂಟೇ ಎಂದು ಬಹಳ ಹುಡುಕಿದ. ಒಂದೂ ಸಿಗಲಿಲ್ಲ. ಕನ್ನಡಿಯಲ್ಲಿ ಭಾವಮೈದುನನ ಮುಖ ನೋಡಿ, ಊದಿದ ದವಡೆ ಹಿಡಿದುಕೊಂಡು, ಹೂಂ ಎಂದು ತಲೆಯಾಡಿಸಿದ.